ರಿಟೈರ್ ಆದ ದುಡ್ಡಲ್ಲಿ ಮನೆ ಕಟ್ಟಬೇಕಾ?

ಪ್ರಶ್ನೆ: ಪೀಣ್ಯದ ಒಂದು ಫ್ಯಾಕ್ಟರೀಲಿ ಕೆಲಸ. ಬರೋ ಮಾರ್ಚ್‌ಗೆ 58 ತುಂಬಿ ರಿಟೈರ್ ಆಗ್ತೀನಿ. ಪಿಎಫ್, ಗ್ರಾಚ್ಯುಟಿ ಎಲ್ಲಾ ಸೇರಿ 32 ಲಕ್ಷ ಬರಬಹುದು, ಪಿಎಫ್ ಪೆನ್ಷನ್ 3,000 ಚಿಲ್ಲರೆ. ತಿಪಟೂರು ಹತ್ರ ನಮ್ಮೂರಲ್ಲಿ ಅಪ್ಪನ ಜಾಗ ಇದೆ, 20 ಲಕ್ಷದಲ್ಲಿ ಮನೆ ಕಟ್ಟಿ ಉಳಿದಿದ್ದನ್ನ ಸೊಸೈಟೀಲಿ ಇಡೋಣ ಅಂತಿದೀನಿ, 11 ಪರ್ಸೆಂಟ್ ಕೊಡ್ತಾರಂತೆ. ಮಕ್ಕಳ ಹತ್ರ ಕೈ ಚಾಚೋಕೆ ನಮ್ಮಿಬ್ರಿಗೂ ಇಷ್ಟ ಇಲ್ಲ. ಸರಿಹೋಗುತ್ತಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಊರಿಗೆ ಹೋಗೋ ಯೋಚನೆ ತುಂಬಾ ಒಳ್ಳೇದು ಸಾರ್, ಮನೆ ಕಟ್ಟೋದು ಮಾತ್ರ ಈಗ ಬೇಡ. 20 ಲಕ್ಷ ಅಂತ ಪಾಯ ಹಾಕಿದ ಮನೆ 20ಕ್ಕೆ ಮುಗಿಯೋದು ಅಪರೂಪ, ಗೋಡೆಗೆ ಹೋದ ದುಡ್ಡು ತಿಂಗಳ ರೇಷನ್ನಿಗೆ ವಾಪಸ್ ಬರಲ್ಲ.

ಅದೇ 20 ಲಕ್ಷ ಪೋಸ್ಟಾಫೀಸಿನ ಸೀನಿಯರ್ ಸಿಟಿಜನ್ ಸ್ಕೀಮಲ್ಲಿಟ್ರೆ ಈಗಿನ 8.2 ಪರ್ಸೆಂಟ್ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 41,000 ಬರುತ್ತೆ, ಖಾತೆ ತೆಗೆದಾಗ ಇದ್ದ ಬಡ್ಡೀನೇ 5 ವರ್ಷ ಪೂರ್ತಿ ಸಿಗುತ್ತೆ. 60 ಆಗಿಲ್ವಲ್ಲ ಅನ್ಬೇಡಿ, 55 ದಾಟಿ ರಿಟೈರ್ ಆದವ್ರಿಗೂ ಅವಕಾಶ ಇದೆ, ಆದ್ರೆ ರಿಟೈರ್ಮೆಂಟ್ ದುಡ್ಡು ಕೈಗೆ ಬಂದ 3 ತಿಂಗಳೊಳಗೆ ಹಾಕಿಬಿಡ್ಬೇಕು, ಅದು ತಪ್ಪಿದ್ರೆ 60 ಆಗೋವರೆಗೂ ಕಾಯ್ಬೇಕು. ಇನ್ನೊಂದು 9 ಲಕ್ಷ ಅಲ್ಲೇ ತಿಂಗಳು ತಿಂಗಳು ಬಡ್ಡಿ ಕೊಡೋ ಎಂಐಎಸ್ ಸ್ಕೀಮ್‌ಗೆ ಹಾಕಿ, ಈಗ 7.4ರಂತೆ ತಿಂಗಳಿಗೆ 5,550. ಪೆನ್ಷನ್ನೂ ಸೇರಿದ್ರೆ ಎಲ್ಲಾ ಒಟ್ಟು ತಿಂಗಳಿಗೆ 22,000 ಹತ್ರ ಆಯ್ತು. ಬೆಲೆ ಏರ್ತಾನೇ ಇರುತ್ತೆ, ಈ ಬಡ್ಡಿ ಏರಲ್ಲ, ಹಾಗಾಗಿ ಮೊದಲ ತಿಂಗಳಿಂದಾನೇ ಅದ್ರಲ್ಲಿ 2,000 ಆರ್‌ಡಿ ಕಟ್ಟಿ.

ಸೊಸೈಟಿ ಬೇಡವೇ ಬೇಡ. ಬ್ಯಾಂಕ್ ಮುಳುಗಿದ್ರೆ 5 ಲಕ್ಷದವರೆಗಾದ್ರೂ ವಿಮೆ ಇದೆ, ಪತ್ತಿನ ಸಹಕಾರ ಸಂಘದ ಠೇವಣಿಗೆ ಅದೂ ಇಲ್ಲ. ಈ ವಯಸ್ಸಲ್ಲಿ ಅಸಲು ಹೋದ್ರೆ ಮತ್ತೆ ದುಡಿಯೋಕಾಗಲ್ಲ.

ಉಳಿದ 3 ಲಕ್ಷ ಬ್ಯಾಂಕ್ ಎಫ್‌ಡೀಲಿರ್ಲಿ, ಆಸ್ಪತ್ರೆ ಖರ್ಚಿಗೆ ಅಂತಾನೇ.

ಇರೋದಕ್ಕೆ ತಿಪಟೂರು ಟೌನಲ್ಲೇ ಚಿಕ್ಕ ಬಾಡಿಗೆ ಮನೆ ನೋಡಿ. ಆಸ್ಪತ್ರೆ, ಮೆಡಿಕಲ್ ಶಾಪ್, ಬಸ್‌ಸ್ಟ್ಯಾಂಡ್ ಎಲ್ಲಾ ಹತ್ರ, ಬೆಂಗಳೂರಿಗೆ ರೈಲೂ ಇದೆ. ನಿಮ್ಮ ಮನೆಯವ್ರಿಗೆ ಶಕ್ತಿ ಯೋಜನೇಲಿ ಸಾಮಾನ್ಯ ಬಸ್ಸು ಫ್ರೀ, ನಿಮಗೂ 60 ಆದ್ಮೇಲೆ ಕೆಎಸ್ಸಾರ್ಟಿಸೀಲಿ 25 ಪರ್ಸೆಂಟ್ ರಿಯಾಯ್ತಿ. ಎರಡು ವರ್ಷ ಹಾಗಿದ್ದು ನೋಡಿ, ಆಮೇಲೂ ಹಳ್ಳೀಲೇ ಇರ್ಬೇಕು ಅನ್ಸಿದ್ರೆ ಅಪ್ಪನ ಜಾಗ ಎಲ್ಲೂ ಹೋಗಲ್ಲ.

ಕೆಲಸ ಬಿಡೋ ಮುಂಚೆ ಎರಡು ಕೆಲಸ ಮಾಡ್ಕೊಳ್ಳಿ. ಕಂಪನಿ ಗ್ರೂಪ್ ಹೆಲ್ತ್ ಪಾಲಿಸೀನ ನಿಮ್ಮಿಬ್ರ ಹೆಸ್ರಿಗೆ ಬದಲಾಯಿಸ್ಕೋಬಹುದಾ ಅಂತ ಕೇಳಿ, ಆಮೇಲೆ ಹೊಸದಾಗಿ ತಗೊಳೋದು ಕಷ್ಟ. ರಿಟೈರ್ ಆಗಿದ್ದಕ್ಕೆ, ಎಷ್ಟು ದುಡ್ಡು ಬಂತು ಅನ್ನೋದಕ್ಕೆ ಎಚ್‌ಆರ್‌ನಿಂದ ಪತ್ರಾನೂ ತಗೊಳ್ಳಿ, ಪೋಸ್ಟಾಫೀಸಲ್ಲಿ ಕೇಳ್ತಾರೆ.