ಉರಿಯೂತ ವಿಪರೀತ, ರೋಗನಿರೋಧಕ ಶಕ್ತಿ ಕಡಿಮೆ: ಲಿವರ್ ಸೋತಾಗ ಎರಡೂ ಒಟ್ಟಿಗೆ ಹೇಗೆ?

ಪ್ರಶ್ನೆ: ತಂದೆಗೆ 58 ವರ್ಷ, ತೂಕ 60 ಕೆ.ಜಿ., ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇದೆ. ಎರಡು ದಿನ ಮಂಕಾಗಿದ್ದರು, ಮೂತ್ರ ಕಡಿಮೆಯಾಗಿತ್ತು. ಜ್ವರ ಇರಲಿಲ್ಲ. ಬಿಳಿ ರಕ್ತಕಣ 6,800, ವರದಿಯಲ್ಲಿ ನಾರ್ಮಲ್ ಎಂದಿತ್ತು (ಹಿಂದೆಲ್ಲ 2,900ರ ಆಸುಪಾಸು). ಆದರೂ ಹೊಟ್ಟೆಯ ನೀರಿನಲ್ಲಿ ಸೋಂಕಿದೆ ಎಂದರು. ಉರಿಯೂತ ವಿಪರೀತ, ರೋಗನಿರೋಧಕ ಶಕ್ತಿ ಕುಸಿದಿದೆ ಎಂದೂ ಹೇಳಿದರು. ಎರಡೂ ಒಟ್ಟಿಗೆ ಹೇಗೆ? ಇಮ್ಯುನಿಟಿ ಹೆಚ್ಚಿಸುವ ಮಾತ್ರೆ ಕೊಡಬಹುದೆ? ಸ್ಟಿರಾಯ್ಡ್ ಯಾಕೆ ಕೊಡುತ್ತಿಲ್ಲ?

ಉತ್ತರ: ಮೊದಲು ಆ 6,800ರ ವಿಚಾರ. ಸಿರೋಸಿಸ್‌ನಲ್ಲಿ ಗುಲ್ಮ ಊದಿಕೊಂಡು ರಕ್ತಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಣಿಕೆ ಕೆಳಗೇ ಇರುತ್ತದೆ. 2,900 ಇದ್ದವರಿಗೆ 6,800 ಎಂದರೆ ದುಪ್ಪಟ್ಟಿಗೂ ಮಿಕ್ಕಿದ ಏರಿಕೆ. ಲ್ಯಾಬಿನ ಯಂತ್ರಕ್ಕೆ ಅದು ಗೊತ್ತಿಲ್ಲ. ಉರಿಯೂತ ಅಳೆಯುವ ರಕ್ತಪರೀಕ್ಷೆಯ ಸಿಆರ್‌ಪಿ ಪ್ರೋಟೀನನ್ನೂ ಪೂರ್ತಿ ನಂಬುವಂತಿಲ್ಲ, ಅದನ್ನು ತಯಾರಿಸುವುದೇ ಲಿವರ್. ಹಾಗಾಗಿಯೇ ಹೊಟ್ಟೆಯಲ್ಲಿ ನೀರು ತುಂಬಿದವರು ಯಾವ ಕಾರಣಕ್ಕೆ ದಾಖಲಾದರೂ ಸೂಜಿ ಹಾಕಿ ನೀರು ಪರೀಕ್ಷಿಸಬೇಕು. ಘನ ಮಿಲಿಮೀಟರಿಗೆ 250 ಅಥವಾ ಹೆಚ್ಚು ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಕಂಡರೆ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ವರದಿಗೆ ಕಾಯದೆ ಆ್ಯಂಟಿಬಯೋಟಿಕ್ ಶುರು ಮಾಡುತ್ತಾರೆ. ಕಲ್ಚರ್‌ಗೆ ಹಾಸಿಗೆಯ ಪಕ್ಕದಲ್ಲೇ 10 ಮಿ.ಲೀ. ನೀರನ್ನು ಬ್ಲಡ್ ಕಲ್ಚರ್ ಬಾಟಲಿಗೆ ಹಾಕಬೇಕು. ಸಾದಾ ಟ್ಯೂಬಿನಲ್ಲಿ ಕಳಿಸಿದರೆ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಲಿವರ್‌ಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ರಕ್ತನಾಳದ್ದು, ಅಂದರೆ ಹೆಚ್ಚಾಗಿ ಕರುಳಿನ ಕಡೆಯಿಂದ ಬರುವಂಥದ್ದು. ಅದರಲ್ಲಿ ಬ್ಯಾಕ್ಟೀರಿಯಾದ ಚೂರುಗಳೂ ಇರುತ್ತವೆ. ಅವನ್ನು ನುಂಗಿ ಹಾಕುವವು ಲಿವರ್‌ನೊಳಗಿನ ಕುಫ್ಫರ್ ಕೋಶಗಳು. ಸಿರೋಸಿಸ್‌ನಲ್ಲಿ ರಕ್ತ ಲಿವರನ್ನು ತಪ್ಪಿಸಿ ಬೇರೆ ದಾರಿ ಹಿಡಿಯುತ್ತದೆ, ಕರುಳಿನ ಗೋಡೆಯೂ ಸೋರತೊಡಗುತ್ತದೆ. ಸೋಸದ ಕಸ ನೇರವಾಗಿ ಮೈಗೆಲ್ಲ ಹರಡುತ್ತದೆ. ಅದನ್ನು ಕಂಡ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್-6, ಟಿಎನ್‌ಎಫ್‌ನಂಥ ಉರಿಯೂತದ ಸಂದೇಶಗಳನ್ನು ಬಿಡುತ್ತವೆ. ಸತ್ತ ಲಿವರ್ ಕೋಶಗಳ ಚೂರುಗಳೂ ಇದನ್ನೇ ಮಾಡಿಸುತ್ತವೆ, ಸೋಂಕಿಲ್ಲದಾಗಲೂ. ಇದು ದಿನಗಟ್ಟಲೆ ನಡೆದಾಗ ದೇಹವೇ ಬ್ರೇಕ್ ಹಾಕುತ್ತದೆ: ಉರಿಯೂತ ತಗ್ಗಿಸುವ ಸಂದೇಶವಾದ ಇಂಟರ್‌ಲ್ಯೂಕಿನ್-10 ಏರುತ್ತದೆ, ಮೊನೊಸೈಟ್ ಎಂಬ ಬಿಳಿ ರಕ್ತಕಣಗಳು ತಮ್ಮ ಮೇಲ್ಮೈಯ ಎಚ್‌ಎಲ್‌ಎ-ಡಿಆರ್ ಪ್ರೋಟೀನನ್ನು ಕಳೆದುಕೊಳ್ಳುತ್ತವೆ. ರೋಗಾಣುವಿನ ತುಣುಕನ್ನು ಉಳಿದ ಕೋಶಗಳಿಗೆ ತೋರಿಸಿ ಎಚ್ಚರಿಸಲು ಅದೇ ಬೇಕಾದದ್ದು. ಕೊನೆಗೆ ಉಳಿಯುವುದು ಕೂಗು ಜೋರಾಗಿರುವ, ಕೊಲ್ಲುವ ಶಕ್ತಿಯಿಲ್ಲದ ಪಡೆ.

ಆ ಕೂಗಿಗೆ ಬಲಿಯಾಗುವುದು ಬೇರೆ ಅಂಗಗಳು. ರಕ್ತನಾಳಗಳು ಹಿಗ್ಗಿ ಕಿಡ್ನಿಗೆ ರಕ್ತ ಸಾಲದಾಗುತ್ತದೆ; ಮೂತ್ರ ಕಡಿಮೆಯಾದದ್ದು ಅದಕ್ಕೇ ಇರಬೇಕು. ಅಮೋನಿಯಾ ಮತ್ತು ಉರಿಯೂತ ಸೇರಿ ಮಿದುಳನ್ನು ಮಂಕು ಮಾಡುತ್ತವೆ. ಈ ಸೋಂಕಿನಲ್ಲಿ ಆ್ಯಂಟಿಬಯೋಟಿಕ್ ಜೊತೆ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಕೊಡುವುದು ಕಿಡ್ನಿ ಉಳಿಸಲು: ಮೊದಲ ದಿನ ಕೆ.ಜಿ.ಗೆ 1.5 ಗ್ರಾಂ, ಮೂರನೇ ದಿನ 1 ಗ್ರಾಂ. ನಿಮ್ಮ ತಂದೆಗೆ 90 ಗ್ರಾಂ, ಆಮೇಲೆ 60 ಗ್ರಾಂ.

ಸ್ಟಿರಾಯ್ಡ್ ಉರಿಯೂತ ತಗ್ಗಿಸುತ್ತದೆ ನಿಜ, ಆದರೆ ಮೊದಲೇ ಸೋತ ಪಡೆಯ ಕೈಯನ್ನೂ ಕಟ್ಟುತ್ತದೆ. ಮದ್ಯದಿಂದಾದ ತೀವ್ರ ಹೆಪಟೈಟಿಸ್‌ನಲ್ಲಿ, ಸೋಂಕು ಹತೋಟಿಯಲ್ಲಿದ್ದರೆ, ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ದಿನಕ್ಕೆ 40 ಮಿ.ಗ್ರಾಂ ಕೊಟ್ಟು ಏಳನೇ ದಿನ ಲಿಲ್ ಸ್ಕೋರ್ (ಔಷಧ ಫಲಿಸುತ್ತಿದೆಯೇ ಎಂದು ಹೇಳುವ ಅಂಕ) ನೋಡುತ್ತಾರೆ, 0.45 ದಾಟಿದರೆ ನಿಲ್ಲಿಸುತ್ತಾರೆ. ನಿಮ್ಮ ತಂದೆಯದು ಸದ್ಯ ಆ ಪ್ರಸಂಗವಲ್ಲ.

ಇಮ್ಯುನಿಟಿ ಮಾತ್ರೆ ಬೇಡವೇ ಬೇಡ. ಈ ದೋಷ ಅದರಿಂದ ಸರಿಹೋಗದು, ಕೆಲವು ಗಿಡಮೂಲಿಕೆಗಳು ತಾವೇ ಲಿವರ್‌ಗೆ ಪೆಟ್ಟು ಕೊಡುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕೂಡದು. ಗ್ಯಾಸ್ಟ್ರಿಕ್ ಮಾತ್ರೆ ರೂಢಿಯಿಂದ ನುಂಗುತ್ತಿದ್ದರೆ ನಿಜಕ್ಕೂ ಬೇಕೇ ಎಂದು ಕೇಳಿ. ಒಮೆಪ್ರಜೋಲ್ ಜಾತಿಯವಕ್ಕೂ ಈ ಸೋಂಕಿಗೂ ನಂಟಿದೆ. ಪ್ರೋಟೀನ್ ಕಡಿಮೆ ಮಾಡಬೇಡಿ; ಕೆ.ಜಿ.ಗೆ ದಿನಕ್ಕೆ 1.2ರಿಂದ 1.5 ಗ್ರಾಂ ಬೇಕು.

48 ಗಂಟೆಯ ನಂತರ ಮತ್ತೆ ನೀರು ತೆಗೆದು ನ್ಯೂಟ್ರೋಫಿಲ್ ಶೇ. 25ರಷ್ಟಾದರೂ ಇಳಿದಿದೆಯೇ ಎಂದು ನೋಡುವುದುಂಟು, ಇಳಿಯದಿದ್ದರೆ ಔಷಧ ಬದಲಿಸಬೇಕು. ಒಮ್ಮೆ ಬಂದ ಈ ಸೋಂಕು ತಡೆ ಔಷಧವಿಲ್ಲದಿದ್ದರೆ ವರ್ಷದೊಳಗೆ ಸುಮಾರು ಶೇ. 70 ಮಂದಿಗೆ ಮರುಕಳಿಸುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ನಿತ್ಯದ ಆ್ಯಂಟಿಬಯೋಟಿಕ್ ಬರೆದಿದ್ದಾರೆಯೇ ನೋಡಿ. ಲಿವರ್ ಕಸಿಗೆ ಹೆಸರು ನೋಂದಾಯಿಸುವ ಮಾತನ್ನೂ ಅದೇ ಭೇಟಿಯಲ್ಲಿ ಎತ್ತಿ.