ಅಂಗಳದ ಐರಿಸ್ ಮತ್ತು ಕರಾವಳಿಯ ಸೆಕೆ

ಕೈತೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಮಂಗಳೂರು ಮತ್ತು ಉಡುಪಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಐರಿಸ್ ಗಿಡಗಳ ಕುರಿತಾಗಿಯೇ ಇದ್ದುದರಿಂದ ಪುಟವನ್ನು ಪೂರ್ತಿ ಅವುಗಳಿಗೇ ಮೀಸಲಿಡಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಳೆದ ಅಕ್ಟೋಬರಿನಲ್ಲಿ ಪ್ರವಾಸ ಹೋದಾಗ ಶ್ರೀನಗರದಿಂದ ನಾಲ್ಕು ಐರಿಸ್ ಗಡ್ಡೆಗಳನ್ನು ತಂದು ಟೆರೇಸಿನ ಕುಂಡಗಳಲ್ಲಿ ನೆಟ್ಟಿದ್ದೆ. ಜನವರಿಯವರೆಗೆ ಎಲೆಗಳು ಚೆನ್ನಾಗಿದ್ದವು. ಮಾರ್ಚಿನಲ್ಲಿ ಬಿಸಿಲು ಏರಿದಾಗ ಬಾಡಬಾರದೆಂದು ದಿನಕ್ಕೆ ಎರಡು ಹೊತ್ತು ನೀರು ಹಾಕಿದೆ. ಈಗ ಎರಡು ಗಿಡಗಳ ಎಲೆ ಬುಡದಿಂದಲೇ ಕಿತ್ತು ಬರುತ್ತಿದೆ, ಕೆಟ್ಟ ವಾಸನೆಯೂ ಇದೆ. ಬಿಸಿಲಿಗೆ ಹೀಗಾಯಿತೇ? (ಕದ್ರಿಯ ಓದುಗರು)

ಉತ್ತರ: ಬಿಸಿಲಿಗಲ್ಲ, ನೀರಿಗೆ. ತಾವು ತಂದದ್ದು ಹೂವಿನ ಕೆಳದಳಗಳ ಮೇಲೆ ಕಂಬಳಿಹುಳದಂತೆ ರೋಮದ ಸಾಲಿರುವ ‘ಗಡ್ಡದ ಐರಿಸ್’ ಎಂದು ತಿಳಿದು ಉತ್ತರಿಸುತ್ತಿದ್ದೇವೆ; ಕಾಶ್ಮೀರದಲ್ಲಿ ಗೋರಿಗಳ ಮೇಲೆ ನೆಡುವ ಬಿಳಿ ಮತ್ತು ನೇರಳೆ ಐರಿಸ್‌ಗಳು ಈ ಗುಂಪಿನವೇ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಮತ್ತು ಪಶ್ಚಿಮ ಏಷ್ಯಾದ ನಾಡುಗಳು ಇವುಗಳ ತವರು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯೆಂದರೆ ನೆಲ ಒಣಗಿ ಬಿರಿಯುವ ಕಾಲ. ಆ ಕಾಲವನ್ನು ದಾಟಲೆಂದೇ ಗಿಡವು ಶುಂಠಿಯಂತೆ ಅಡ್ಡಡ್ಡ ಹಬ್ಬುವ ಗಡ್ಡೆಯಲ್ಲಿ ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಂಡು ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ. ಎಲೆಯ ತುದಿ ಒಣಗುವುದು ಆ ವಿಶ್ರಾಂತಿಯ ಲಕ್ಷಣವೇ ಹೊರತು ಬಾಯಾರಿಕೆಯ ಲಕ್ಷಣವಲ್ಲ. ಅಂಥ ಹೊತ್ತಿನಲ್ಲಿ ಬಿಸಿಯೇರಿದ ಕುಂಡಕ್ಕೆ ದಿನಕ್ಕೆರಡು ಬಾರಿ ನೀರು ಹೊಯ್ದರೆ ಮಣ್ಣು ಬಿಸಿಯಾಗಿಯೂ ಒದ್ದೆಯಾಗಿಯೂ ಉಳಿದು, ಗಡ್ಡೆಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದಂಥ ಜಾಗವಾಗುತ್ತದೆ. ತಮಗೆ ಬಂದ ವಾಸನೆ ಅದರದೇ.

ಉಳಿದುದನ್ನು ಉಳಿಸಿಕೊಳ್ಳಲು ಮೊದಲು ಗಡ್ಡೆಯನ್ನು ಹೊರತೆಗೆದು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಆರೋಗ್ಯವಾಗಿರುವ ಭಾಗ ಹಸಿ ಕೆಸುವಿನ ಗಡ್ಡೆಯಂತೆ ಗಟ್ಟಿಯಾಗಿರುತ್ತದೆ. ಕೊಳೆತ ಭಾಗದ ಸಿಪ್ಪೆ ಮಾತ್ರ ಹಾಗೆಯೇ ಇದ್ದು ಒಳಗಿನದು ಗಂಜಿಯಂತಾಗಿ ಬೆರಳಿಗೆ ಅಂಟುತ್ತದೆ. ಚಾಕುವಿನಿಂದ ಕೊಳೆತುದನ್ನು ಮಾತ್ರವಲ್ಲದೆ ಅದರ ಪಕ್ಕದ ಒಂದು ಬೆರಳಗಲ ಗಟ್ಟಿ ಭಾಗವನ್ನೂ ಕತ್ತರಿಸಿ ತೆಗೆದು, ಕತ್ತರಿಸಿದ ಮೈ ಹಾಲುಬಿಳಿಯಾಗಿ ಕಾಣಿಸುವವರೆಗೆ ಮುಂದುವರಿಸಬೇಕು. ಪ್ರತಿ ಗಡ್ಡೆಯ ಬಳಿಕ ಚಾಕುವನ್ನು ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಲ್ಲಿ ಅದ್ದಬೇಕು. ಅದೇ ಬಾಲ್ದಿಗೆ ಕಕ್ಕಸು ತೊಳೆಯುವ ಆ್ಯಸಿಡ್ಡಿನ ಹನಿಯೂ ಬೀಳಬಾರದು. ಎರಡೂ ಸೇರಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಕತ್ತರಿಸಿದ ಗಡ್ಡೆಗಳನ್ನು ಗಾಳಿಯಾಡುವ ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಿಸಿ, ಹೊಯಿಗೆ (ಮರಳು) ಹೆಚ್ಚಾಗಿ ಬೆರೆಸಿದ ಮಣ್ಣಿನಲ್ಲಿ, ಬೆನ್ನಿನ ಮೇಲೆ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಬಾರದಂತೆ ನೆಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಊರಿದಾಗ ತೇವ ತಗಲದಿದ್ದರೆ ಮಾತ್ರ ನೀರು ಹಾಕಿ. ಕರಿ ಪ್ಲಾಸ್ಟಿಕ್ ಕುಂಡವಾದರೆ ಬದಲಾಯಿಸಿ. ಟೆರೇಸಿನ ಬಿಸಿಲಿಗೆ ಅದರ ಬದಿ ಕೈಯಿಡಲಾಗದಷ್ಟು ಕಾಯುತ್ತದೆ. ಸಾರಜನಕದ ಗೊಬ್ಬರವನ್ನು ಈಗ ಕೊಡಲೇಬಾರದು.

ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ಈ ಜಾತಿಯ ಹೆಚ್ಚಿನ ತಳಿಗಳಿಗೆ ಹೂವಾಗಲು ಕೆಲವು ವಾರಗಳ ನಿಜವಾದ ಚಳಿ ಬೇಕು. ಜನವರಿಯ ರಾತ್ರಿಯಲ್ಲೂ ಪಾದರಸ 20 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವ ಮಂಗಳೂರಿನಲ್ಲಿ ಅದು ಸಿಗದು. ಬೇಸಿಗೆ ದಾಟಿದ ಗಡ್ಡೆಗೆ ಜೂನ್ ನಂತರದ ಮಳೆಯೂ ಕಾದಿರುತ್ತದೆ. ಗಿಡ ಬದುಕಿದರೂ ಹೂವನ್ನು ನಿರೀಕ್ಷಿಸಬೇಡಿ.

ಪ್ರಶ್ನೆ: ಹಾಗಾದರೆ ನಮ್ಮ ಕರಾವಳಿಯ ಸೆಕೆಗೂ ಮಳೆಗೂ ಒಗ್ಗುವ ಐರಿಸ್ ಇಲ್ಲವೇ? ನಮ್ಮದು ಕೆಂಪುಕಲ್ಲಿನ ನೆಲ. (ಸುರತ್ಕಲ್ ಮತ್ತು ಕಾಪುವಿನ ಓದುಗರು)

ಉತ್ತರ: ಇವೆ. ನಮ್ಮ ಮೊದಲ ಆಯ್ಕೆ ಕಿತ್ತಳೆ ದಳಗಳ ಮೇಲೆ ಕೆಂಪು ಚುಕ್ಕಿಗಳಿರುವ, ನರ್ಸರಿಗಳಲ್ಲಿ ಲೆಪರ್ಡ್ ಲಿಲಿ ಅಥವಾ ಬ್ಲ್ಯಾಕ್‌ಬೆರಿ ಲಿಲಿ ಎಂದು ಕೇಳಬೇಕಾದ ಗಿಡ. ಹೆಸರಿನಲ್ಲಿ ಲಿಲಿ ಇದ್ದರೂ ಇದು ಐರಿಸೇ. ಬಹುಕಾಲ ಬೇರೆ ಕುಲದಲ್ಲಿದ್ದ ಇದನ್ನು ಡಿ.ಎನ್.ಎ. ಪರೀಕ್ಷೆಗಳ ಆಧಾರದಿಂದ 2005ರಲ್ಲಿ ಐರಿಸ್ ಕುಲಕ್ಕೆ ಸೇರಿಸಲಾಯಿತು. ಒಂದು ಹೂವಿಗೆ ಒಂದೇ ದಿನದ ಆಯುಸ್ಸು. ಸಂಜೆಗೆ ಅದು ಒದ್ದೆ ಬಟ್ಟೆ ಹಿಂಡಿದಂತೆ ತನ್ನನ್ನು ತಾನೇ ತಿರುಚಿಕೊಂಡು ಮುದುಡುವುದನ್ನು ನೋಡುವುದಕ್ಕಾದರೂ ಒಂದು ಗಿಡ ಅಂಗಳದಲ್ಲಿರಬೇಕು.

ಲೂಸಿಯಾನಾ ಐರಿಸ್ ಅಮೆರಿಕದ ದಕ್ಷಿಣದ ಜೌಗು ನೆಲದ್ದು. ಸೆಕೆ, ಕೆಸರು, ಹುಳಿ ಮಣ್ಣು ಮೂರೂ ಅದಕ್ಕೆ ಹಿತ. ಗಡ್ಡದ ಐರಿಸ್‌ಗೆ ಹೇಳಿದ್ದನ್ನೆಲ್ಲ ಇಲ್ಲಿ ತಿರುವಿ ಹಾಕಬೇಕು: ಇದರ ಗಡ್ಡೆಗೆ ನೇರ ಬಿಸಿಲು ತಾಗಿದರೆ ಬೆಂದಂತಾಗುವುದರಿಂದ ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ಮಧ್ಯಾಹ್ನದ ನಂತರ ನೆರಳು ಬೀಳುವಲ್ಲಿ ಬೆಳೆಸಿ, ತೇವ ಆರದಂತೆ ನೋಡಿಕೊಳ್ಳಬೇಕು. ನೀರು ತುಂಬಿದ ತೊಟ್ಟಿಯಲ್ಲಿ ಕುಂಡವನ್ನು ಅರ್ಧ ಮುಳುಗಿಸಿಯೂ ಬೆಳೆಸಬಹುದು, ಆದರೆ ಸೊಳ್ಳೆ ಮರಿ ಮಾಡದಂತೆ ತೊಟ್ಟಿಯಲ್ಲಿ ನಾಲ್ಕು ಗಪ್ಪಿ ಮೀನುಗಳಿರಲಿ. ಕುಂಡದಡಿಯ ತಟ್ಟೆಗಳನ್ನು ವಾರಕ್ಕೊಮ್ಮೆ ಉಜ್ಜಿ ಬರಿದು ಮಾಡುವುದನ್ನೂ ಮಲೇರಿಯಾ, ಡೆಂಗಿಗಳನ್ನು ಕಂಡ ನಮ್ಮ ಊರಿನವರಿಗೆ ಒತ್ತಿ ಹೇಳಬೇಕಾಗಿಲ್ಲ.

ವಾಕಿಂಗ್ ಐರಿಸ್ ಮತ್ತು ಆಫ್ರಿಕನ್ ಐರಿಸ್ ನಿಜವಾದ ಐರಿಸ್‌ಗಳಲ್ಲ, ಅದೇ ಕುಟುಂಬದ ನೆಂಟರು. ಮೊದಲನೆಯದು ಅರೆನೆರಳಿಗೆ, ಎರಡನೆಯದು ಬಿಸಿಲಿಗೆ ಸರಿ. ಸುಡುಮಣ್ಣು ಹಾಕಬಹುದೇ ಎಂದು ಕೆಲವರು ಕೇಳಿದ್ದಾರೆ. ಬೂದಿಯ ಅಂಶ ಮಣ್ಣಿನ ಹುಳಿಯನ್ನು ತಗ್ಗಿಸುವುದರಿಂದ ಲೆಪರ್ಡ್ ಲಿಲಿಗೆ ಒಂದು ಹಿಡಿ ಹಾಕಬಹುದು, ಲೂಸಿಯಾನಾಕ್ಕೆ ಬೇಡ. ಹೊಸದಾಗಿ ನೆಡುವವರು ಈ ಸೆಕೆಯಲ್ಲಿ ಆತುರಪಡದೆ, ವಾಕಿಂಗ್ ಐರಿಸ್ ಆದರೆ ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ಉಳಿದವಾದರೆ ಮಳೆಗಾಲ ಮುಗಿದ ಅಕ್ಟೋಬರ್ ನವೆಂಬರಿನಲ್ಲಿ ನೆಡುವುದು ಒಳ್ಳೆಯದು.

ಪ್ರಶ್ನೆ: ನನಗೆ 62 ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತೇನೆ. ಮನೆಗೆಲಸ ಮುಗಿಸಿ ಹತ್ತರಿಂದ ಹನ್ನೆರಡರವರೆಗೆ ತೋಟದಲ್ಲಿರುವುದು ರೂಢಿ. ಕಳೆದ ವಾರ ಕುಂಡ ಎತ್ತಿಡುವಾಗ ಕಣ್ಣು ಕತ್ತಲೆ ಬಂತು. ಉತ್ತರ ಕರ್ನಾಟಕದಷ್ಟು ಬಿಸಿಲು ನಮ್ಮಲ್ಲಿಲ್ಲವಲ್ಲ, ಇದು ವಯಸ್ಸಿನ ದೋಷವೇ? (ಮಣಿಪಾಲದ ಓದುಗರು)

ಉತ್ತರ: ಮೊದಲು ತಮ್ಮ ವೈದ್ಯರನ್ನು ಕಾಣಿರಿ. ರಕ್ತದೊತ್ತಡದ ಮಾತ್ರೆಗಳಲ್ಲಿ ಕೆಲವು ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನೂ ಉಪ್ಪನ್ನೂ ಹೊರಹಾಕುತ್ತವೆ; ಸೆಕೆಗಾಲದಲ್ಲಿ ಅವುಗಳ ಪ್ರಮಾಣವನ್ನು ಬದಲಿಸಬೇಕೇ ಎಂಬುದನ್ನು ಅವರೇ ಹೇಳಬೇಕು, ತಾವಾಗಿ ಮಾತ್ರೆ ನಿಲ್ಲಿಸಬಾರದು.

ನಮ್ಮಲ್ಲಿ ಬಿಸಿಲು ಕಡಿಮೆ ಎಂಬ ಧೈರ್ಯ ಅನೇಕರಿಗಿದೆ, ಅದೇ ಅಪಾಯದ ಮೂಲ. ದೇಹವು ತಣಿಯುವುದು ಬೆವರು ಬರುವುದರಿಂದಲ್ಲ, ಬಂದ ಬೆವರು ಆರುವುದರಿಂದ. ಕಲಬುರಗಿಯ ಒಣಗಾಳಿಯಲ್ಲಿ ಬೆವರು ಮೈಮೇಲೆ ಕಾಣಿಸುವ ಮೊದಲೇ ಆರಿಹೋಗುತ್ತದೆ. ಇಲ್ಲಿ ಅದು ಆರದೆ ಬೆನ್ನ ಮೇಲಿಂದ ಧಾರೆಯಾಗಿ ಇಳಿಯುತ್ತದೆ, ದೇಹದ ನೀರು ಖರ್ಚಾಗುತ್ತದೆ, ತಂಪು ಮಾತ್ರ ಸಿಗುವುದಿಲ್ಲ. ಉಷ್ಣತೆ 34 ಡಿಗ್ರಿ, ಗಾಳಿಯ ತೇವಾಂಶ ಶೇಕಡಾ 60 ಇದ್ದರೆ ನೆರಳಿನಲ್ಲಿ ನಿಂತವರಿಗೂ ಸುಮಾರು 42 ಡಿಗ್ರಿಯ ಅನುಭವವಾಗುತ್ತದೆ. ಭಾರತೀಯ ಹವಾಮಾನ ಇಲಾಖೆಯೂ ಬಯಲುಸೀಮೆಗೆ 40 ಡಿಗ್ರಿಯ ಮಾನದಂಡ ಇಟ್ಟುಕೊಂಡು, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಅದನ್ನು ಬಿಸಿಗಾಳಿಯೆಂದು ಪರಿಗಣಿಸುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚಿನವರೆಗೆ ಘಟ್ಟದ ಕಡೆಯ ಪೂರ್ವದ ಗಾಳಿ ಬಲವಾಗಿ, ಕಡಲ ಗಾಳಿ ತಡವಾಗಿ ಬರುವ ದಿನಗಳಲ್ಲಿ ಹನ್ನೊಂದರ ಹೊತ್ತು ಬಹಳ ಕಷ್ಟದ್ದು. ಕದ್ರಿಯವರ ಗಡ್ಡೆಯನ್ನು ಕೆಡಿಸಿದ್ದು ಬಿಸಿ ಮತ್ತು ತೇವದ ಕೂಟ. ತೋಟಗಾರನನ್ನು ಕೆಡಹುವುದೂ ಅದೇ. ಗಡ್ಡೆಯಾದರೋ ಸಂಜೆಯವರೆಗೆ ಕಾದೀತು.

ನಮ್ಮದೇ ಅನುಭವವೊಂದಿದೆ. ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳ ಒಂದು ದಿನ ಹನ್ನೊಂದರ ಸುಮಾರಿಗೆ ಟೆರೇಸಿನಲ್ಲಿ ಶೇಡ್ ನೆಟ್ಟಿನ ಹಗ್ಗ ಬಿಗಿಯುತ್ತಿದ್ದಾಗ, ಜೀವಮಾನವಿಡೀ ಹಾಕಿದ ಗಂಟು ಇದ್ದಕ್ಕಿದ್ದಂತೆ ಹಾಕಲು ಬಾರದಾಯಿತು. ಹಗ್ಗದ ತುದಿ ಯಾವ ಕಡೆಯಿಂದ ಬರಬೇಕೆಂದು ನೋಡುತ್ತಾ ನಿಂತುಬಿಟ್ಟಿದ್ದೆ. ಬಟ್ಟೆ ಒಣಹಾಕಲು ಬಂದ ಅತ್ತಿಗೆ ಮೂರು ಬಾರಿ ಕರೆದರೂ ಉತ್ತರಿಸಲಿಲ್ಲವಂತೆ. ಅವರು ಕೈಹಿಡಿದು ಕೆಳಗೆ ಕರೆತಂದು, ಒದ್ದೆ ತೋರ್ತು ಹೊದಿಸಿ ಫ್ಯಾನಿನ ಕೆಳಗೆ ಮಲಗಿಸಿ, ಉಪ್ಪು ಹಾಕಿದ ಗಂಜಿತಿಳಿಯನ್ನು ಗುಟುಕು ಗುಟುಕಾಗಿ ಕುಡಿಸಿದ್ದರಿಂದ ಅಷ್ಟಕ್ಕೇ ಮುಗಿಯಿತು. ಅಂದಿನಿಂದ ಸೆಕೆಗಾಲದಲ್ಲಿ ಬೆಳಗ್ಗೆ 6ರಿಂದ 8.30ರೊಳಗೆ, ಇಲ್ಲವೇ ಸಂಜೆ 5ರ ಬಳಿಕ ಮಾತ್ರ ಕೆಲಸ, ಅದೂ ಮನೆಯಲ್ಲಿ ಒಬ್ಬರಿಗೆ ಹೇಳಿ.

ಕೆಲಸವನ್ನು ಇಪ್ಪತ್ತು ನಿಮಿಷದ ತುಂಡುಗಳಾಗಿ ಮಾಡಿಕೊಂಡು ನಡುವೆ ನೆರಳಿನಲ್ಲಿ ಕುಳಿತು ಒಂದು ಲೋಟ ನೀರು ಕುಡಿಯಬೇಕು. ಮಜ್ಜಿಗೆ, ಬೊಂಡದ ನೀರು, ಉಪ್ಪು ಬೆರೆಸಿದ ಪುನರ್ಪುಳಿ ಶರಬತ್ತು ಎಲ್ಲವೂ ಆದೀತು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದ ಅಳತೆ ಮೀರಬಾರದು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆಗಿಂತ ಒಳ್ಳೆಯದನ್ನು ನಾವು ಕಂಡಿಲ್ಲ. ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನೊಳಗಿನ ನೀರು ಕೈ ಸುಡುವಷ್ಟು ಬಿಸಿಯಿರುವುದರಿಂದ ಮೊದಲ ನೀರನ್ನು ಬಾಲ್ದಿಗೆ ಬಿಟ್ಟು ಬಳಿಕ ಗಿಡಕ್ಕೆ ತಿರುಗಿಸಿ. ರಜೆಗೆಂದು ಬೆಂಗಳೂರಿನಿಂದ ಬಂದ ಮಕ್ಕಳು ಉತ್ಸಾಹದಿಂದ ಮೊದಲ ದಿನವೇ ಹಾರೆ ಹಿಡಿದರೆ ತಡೆಯಿರಿ; ದೇಹ ಈ ಸೆಕೆಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಸಂಜೆಗತ್ತಲಲ್ಲಿ ತರಗೆಲೆ ಹೊದಿಸಿದ ಬುಡಕ್ಕೆ ಬರಿಗೈ ಹಾಕುವುದು ಬೇಡ. ತಂಪು ಹುಡುಕುವ ಕೊಳಕುಮಂಡಲವೂ ಅಲ್ಲೇ ಮಲಗಿರಬಹುದು; ಟಾರ್ಚ್ ಮತ್ತು ಒಂದು ಕೋಲು ಜೊತೆಗಿರಲಿ.

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಾಣಿಸಿದರೆ ಕೆಲಸ ನಿಲ್ಲಿಸಿ ತಂಪಾದ ಜಾಗಕ್ಕೆ ಬಂದು, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಬೆರೆಸಿದ ಓ.ಆರ್.ಎಸ್. ಕುಡಿಯಿರಿ. ಮಾತು ತೊದಲಿದರೆ, ಗೊಂದಲವಾದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ಬೆವರು ಇಳಿಯುತ್ತಿದೆಯಲ್ಲ ಎಂದು ಸಮಾಧಾನಪಡಬೇಡಿ, ದುಡಿಯುವಾಗ ಬರುವ ಉಷ್ಣಾಘಾತದಲ್ಲಿ ಬೆವರು ಇರಲೂಬಹುದು. ತಕ್ಷಣ 108ಕ್ಕೆ ಕರೆಮಾಡಿ, ವಾಹನ ಬರುವವರೆಗೆ ಮೈಗೆ ನೀರು ಸುರಿದು ಗಾಳಿ ಹಾಕುತ್ತಿರಬೇಕು. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬಾರದು.

ಪ್ರಶ್ನೆ: ಒಣಗಿದ ಐರಿಸ್ ಎಲೆಗಳನ್ನು ದನಕ್ಕೆ ಹಾಕಬಹುದೇ? ಗಿಡ ಸವರಿದ ಬಳಿಕ ನನ್ನ ಮುಂಗೈ ತುರಿಸುತ್ತದೆ. (ಬ್ರಹ್ಮಾವರದ ಓದುಗರು)

ಉತ್ತರ: ಹಾಕಬಾರದು. ಐರಿಸ್‌ನ ಎಲೆಯಲ್ಲೂ, ಅದಕ್ಕಿಂತ ಹೆಚ್ಚಾಗಿ ಗಡ್ಡೆಯಲ್ಲೂ ಹೊಟ್ಟೆ ಕೆಡಿಸುವ ಅಂಶಗಳಿವೆ. ದನ, ನಾಯಿ, ಬೆಕ್ಕುಗಳಿಗೆ ಜೊಲ್ಲು, ವಾಂತಿ, ಭೇದಿ ಆಗಬಹುದು. ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಬೆವರಿದ ಮೈಯಲ್ಲಿ ಉರಿ ಇನ್ನಷ್ಟು ಹೆಚ್ಚು. ಉದ್ದ ತೋಳಿನ ತೆಳು ಹತ್ತಿ ಅಂಗಿ, ಕೈಗವಸು ಹಾಕಿಕೊಂಡು ಬೆಳಗ್ಗೆಯೇ ಕೆಲಸ ಮುಗಿಸಿ ಸೋಪಿನಿಂದ ತೊಳೆಯಿರಿ.

ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಐರಿಸ್‌ನ ಕತ್ತಿಯಂಥ ಎಲೆ ಮತ್ತು ಅಡ್ಡ ಹಬ್ಬುವ ಗಡ್ಡೆ ನೋಡಲು ನಮ್ಮ ಬಜೆಯಂತೆಯೇ ಇರುತ್ತವೆ. ಮಗುವಿಗೆ ಬಜೆ ತೇಯ್ದು ನೆಕ್ಕಿಸುವ ರೂಢಿ ಇನ್ನೂ ಇರುವ ಮನೆಗಳಲ್ಲಿ ಇವೆರಡನ್ನೂ ಅಕ್ಕಪಕ್ಕ ಬೆಳೆಸಲೇಬಾರದು. ಎಲೆಯನ್ನು ಹೊಸಕಿ ಮೂಸಿದರೆ ಬಜೆಯ ಘಾಟು ಪರಿಮಳ ತಕ್ಷಣ ತಿಳಿಯುತ್ತದೆ, ಐರಿಸ್ ಎಲೆಗೆ ಬರೀ ಹುಲ್ಲಿನ ವಾಸನೆ. ಬಜೆ ಎಲೆಯ ನಡುನರ ಒಂದು ಬದಿಗೆ ಸರಿದು ಉಬ್ಬಿರುತ್ತದೆ. ಹಾಗೆಂದು ಒಣಗಿದ ಗಡ್ಡೆಯ ತುಂಡನ್ನು ನೋಡಿ ಗುರುತಿಸುವ ಸಾಹಸ ಯಾರೂ ಮಾಡಬಾರದು.

ಪ್ರಶ್ನೆ: ನಳ್ಳಿ ನೀರು ದಿನ ಬಿಟ್ಟು ದಿನ ಬರುತ್ತಿದೆ, ಬಾವಿ ನೀರು ಉಪ್ಪಾಗಿದೆ. ಗಿಡಕ್ಕೆ ಏನು ಮಾಡಲಿ? (ಮಲ್ಪೆಯ ಓದುಗರು)

ಉತ್ತರ: ಬಜೆ ಅಣೆಕಟ್ಟಿನ ನೀರನ್ನು ನಂಬಿದ ಉಡುಪಿಯಲ್ಲೂ, ತುಂಬೆ ಅಣೆಕಟ್ಟನ್ನು ನಂಬಿದ ಮಂಗಳೂರಿನಲ್ಲೂ ಬೇಸಿಗೆಯ ಕೊನೆಗೆ ಈ ಪ್ರಶ್ನೆ ಏಳುತ್ತದೆ. ಉಪ್ಪು ನೀರು ಎಲೆಯ ತುದಿಯನ್ನು ಕಂದಿಸುತ್ತದೆ, ಅದನ್ನು ಬಿಟ್ಟುಬಿಡಿ. ಅಕ್ಕಿ, ತರಕಾರಿ ತೊಳೆದ ನೀರು ಮತ್ತು ಏಸಿಯಿಂದ ತೊಟ್ಟಿಕ್ಕುವ ನೀರು ಸಾಕು. ಲೆಪರ್ಡ್ ಲಿಲಿ, ಆಫ್ರಿಕನ್ ಐರಿಸ್‌ಗಳಿಗೆ ವಾರಕ್ಕೆರಡು ಬಾರಿ ಬುಡಕ್ಕೆ ಹಾಕಿ. ಲೂಸಿಯಾನಾ ಒಣಗಿದಂತೆ ಕಂಡರೂ ಕಿತ್ತೆಸೆಯಬೇಡಿ; ನೀರಿಲ್ಲದಿದ್ದರೆ ಅದು ನಿದ್ದೆ ಹೋಗುತ್ತದೆ, ಬುಡದ ತರಗೆಲೆ ಹಾಗೆಯೇ ಇದ್ದರೆ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ.