ಬಾಗಿಲಲ್ಲಿ ಬಿಚ್ಚಿದ ಬ್ಯಾಗು

ನನ್ನ ಬಳಿ ಕೌನ್ಸೆಲಿಂಗ್‌ಗೆ ಬಂದ ಈ ಹುಡುಗಿಯನ್ನು ರಶ್ಮಿ ಅಂತ ಕರೆಯೋಣ. ನಿಜವಾದ ಹೆಸರು ಬೇರೆ. ಊರು, ಕೆಲಸ, ಮನೆಯ ವಿವರಗಳನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು 26. ಹಾಸನದ ಕಡೆಯವರು. ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಬಂದಾಗ ಹೇಳಿಕೊಂಡ ತೊಂದರೆ ಇಷ್ಟು: ಮಾಲ್, ಸಿನಿಮಾ, ಮೆಟ್ರೊ, ಎಲ್ಲೆಲ್ಲಿ ಬ್ಯಾಗ್ ತೋರಿಸಬೇಕೋ ಅಲ್ಲೆಲ್ಲ ಎದೆ ಡವಡವ ಅನ್ನುತ್ತದೆ, ಅಂಗೈ ಬೆವರುತ್ತದೆ. ಮೆಟ್ರೊ ಬಿಟ್ಟು ಬಸ್ಸು ಹಿಡಿಯಲು ಶುರು ಮಾಡಿದ್ದರು. ಟ್ರಾಫಿಕ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಹೋಗುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. "ನಾನೇನೂ ಕದ್ದಿಲ್ಲ ಮೇಡಂ. ಆದರೂ ಗಾರ್ಡ್ ಕಂಡ್ರೆ ಕಳ್ಳಿ ಥರ ಅನ್ಸುತ್ತೆ" ಅಂದರು.

ಇದಕ್ಕೆಲ್ಲ ಮೊದಲು ನಡೆದದ್ದು ಒಂದು ಪಬ್ಬಿನ ಬಾಗಿಲಲ್ಲಿ. ಟೀಮಿನಲ್ಲಿ ಒಬ್ಬರು ಕೆಲಸ ಬಿಡುತ್ತಿದ್ದರು, ಅವರಿಗೆ ಸೆಂಡ್‌ಆಫ್. ಬಾಗಿಲಲ್ಲಿ ವಯಸ್ಸಿಗೆ ಪುರಾವೆ ಕೇಳಿದರು. ರಶ್ಮಿ ಆಧಾರ್ ಕಾರ್ಡ್ ಕೊಟ್ಟರು. ಗಾರ್ಡ್ ನೋಡಿ ವಾಪಸ್ ಕೊಡುವ ಬದಲು ತನ್ನ ಸ್ವಂತ ಫೋನಿನಲ್ಲಿ ಅದರ ಫೋಟೊ ಹೊಡೆದುಕೊಂಡ. ರಿಜಿಸ್ಟರಿನಲ್ಲಿ ಹೆಸರು, ಫೋನ್ ನಂಬರ್ ಬರೆಸಿದ. ಆಮೇಲೆ ಬ್ಯಾಗಿನ ಸರದಿ. ಮಹಿಳಾ ಗಾರ್ಡ್ ಇರಲಿಲ್ಲ. ಬೌನ್ಸರ್ ಒಬ್ಬ ಒಳಗೆ ಕೈ ಹಾಕಿ ಮಾತ್ರೆಯ ಸ್ಟ್ರಿಪ್ ಎತ್ತಿ ಹಿಡಿದು "ಏನಿದು? ಯಾವ ಟ್ಯಾಬ್ಲೆಟ್?" ಅಂತ ಜೋರಾಗಿ ಕೇಳಿದ. ಹಿಂದೆ ಟೀಮಿನವರೆಲ್ಲ ಸಾಲಾಗಿ ನಿಂತಿದ್ದರು. ರಶ್ಮಿ ಗಾಬರಿಯಲ್ಲಿ "ಡಿಪ್ರೆಶನ್‌ದು" ಅಂದುಬಿಟ್ಟರು.

ಒಳಗೆ ಹೋಗಿ ಲೈಮ್ ಸೋಡಾ ಕುಡಿದು ಬೇಗ ಎದ್ದು ಬಂದರು. ಮುಂದಿನ ವಾರದಿಂದ ಫೋನಿಗೆ ಆ ಪಬ್ಬಿನ 'ಲೇಡೀಸ್ ನೈಟ್' ಮೆಸೇಜುಗಳು ಶುರುವಾದವು. ಅಣ್ಣನಿಗೆ ಹೇಳಿದರೆ ಸಿಕ್ಕ ಉತ್ತರ: "ಅಂಥಾ ಜಾಗಕ್ಕೆ ನೀನ್ಯಾಕೆ ಹೋದೆ?" ಈ ಪ್ರಶ್ನೆ ಬಂದ ಮೇಲೆ ಹೆಣ್ಣುಮಕ್ಕಳು ಉಳಿದ ಮಾತನ್ನು ಮನೆಯಲ್ಲಿ ಹೇಳುವುದಿಲ್ಲ. ನಾನು ಇದನ್ನು ತುಂಬ ಸಲ ನೋಡಿದ್ದೇನೆ.

ನನಗೆ ತಟ್ಟನೆ ಕಾಡಿದ್ದು ಪಬ್ಬಿನ ವಿಷಯ ಅಲ್ಲ, ಮಾತ್ರೆಯ ವಿಷಯ. "ಈಗಲೂ ತಗೋತಿದ್ದೀರಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ ಅಂದರು. ರಾತ್ರಿ ಊಟದ ಮೇಲೆ ತಗೊಳ್ಳಬೇಕಾದ ಎಸಿಟಾಲೊಪ್ರಾಮ್ ಅದು. ಹೊರಗೆ ಊಟ ಇದ್ದ ದಿನ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಆ ಘಟನೆ ಆದಮೇಲೆ ಬ್ಯಾಗಿನಲ್ಲಿ ಇಡುವುದು ನಿಂತಿತು. ಆಮೇಲೆ ಪಿಜಿಯಲ್ಲಿ ರೂಮ್‌ಮೇಟ್ ನೋಡುತ್ತಾಳೆ ಅಂತ ಅಲ್ಲೂ ತಗೊಳ್ಳುವುದು ನಿಂತಿತು. ಡಾಕ್ಟರಿಗೆ ಹೇಳಿರಲಿಲ್ಲ. ತಲೆಸುತ್ತು, ಕೆಟ್ಟ ಕನಸು, ಸಣ್ಣಪುಟ್ಟದ್ದಕ್ಕೂ ಸಿಟ್ಟು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುವುದು, ಎಲ್ಲ ಇತ್ತು. ಈ ಜಾತಿಯ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಇವು ಬರುತ್ತವೆ. ಮೆಟ್ರೊ ಬಾಗಿಲಿನ ಭಯದಲ್ಲಿ ಒಂದಿಷ್ಟು ಪಾಲು ಇದರದ್ದೂ ಇರಬಹುದು.

ಹಾಗಾಗಿ ಮೊದಲ ಸಲಹೆ ಕಾನೂನಿನದ್ದೂ ಅಲ್ಲ, ಧೈರ್ಯದ್ದೂ ಅಲ್ಲ. ಇವತ್ತೇ ನಿಮ್ಮ ಮನೋವೈದ್ಯರಿಗೆ ಫೋನ್ ಮಾಡಿ, ನಿಲ್ಲಿಸಿದ್ದನ್ನು ಹೇಳಿ, ಅವರು ಹೇಳಿದ ಹಾಗೆ ಮತ್ತೆ ಶುರು ಮಾಡಿ ಅಂದೆ. ನೀವೇ ಡೋಸ್ ತೀರ್ಮಾನ ಮಾಡಬೇಡಿ ಅಂತಲೂ ಅಂದೆ. ರಾತ್ರಿ ಹೊತ್ತು ಮನಸ್ಸು ತೀರ ಕುಸಿದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ.

ಮುಂದಿನ ಭೇಟಿಗೆ ಬಂದಾಗ ರಶ್ಮಿ ಸಿಟ್ಟಿನಲ್ಲಿದ್ದರು. ನನಗೆ ಸಮಾಧಾನ ಆಯಿತು. "ಅವರು ಹಾಗೆಲ್ಲ ಮಾಡಬಹುದಾ ಮೇಡಂ? ಪ್ರೈವೆಸಿ ಅನ್ನೋದು ಹಕ್ಕು ಅಲ್ವಾ?" ಅಂತ ಕೇಳಿದರು. ನಾನು ವಕೀಲೆ ಅಲ್ಲ. ಆದರೆ ಇಂಥ ಪ್ರಶ್ನೆಗೆ 'ಅದೆಲ್ಲ ಮರೆತುಬಿಡಿ' ಅನ್ನುವುದು ಸಲಹೆಯೂ ಅಲ್ಲ. ತಿಳಿದಷ್ಟನ್ನು ಹೇಳಿದೆ.

ತಪಾಸಣೆಯೇ ತಪ್ಪು ಅಂತ ನಾನು ಹೇಳಲಾರೆ. ಈ ಊರಿನಲ್ಲಿ 2010ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಬಳಿ ಬಾಂಬ್ ಸಿಡಿದಿದೆ. 2014ರ ಡಿಸೆಂಬರ್‌ನಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ಸಿಡಿದು ಒಬ್ಬ ಹೆಣ್ಣುಮಗಳು ತೀರಿಕೊಂಡಿದ್ದಾರೆ. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ಕೆಫೆಯಲ್ಲಿ ಸ್ಫೋಟ ಆದದ್ದು ಯಾರೋ ಬಿಟ್ಟುಹೋದ ಬ್ಯಾಗಿನಿಂದಲೇ. ತನಿಖೆಗೆ ದಾರಿ ತೋರಿಸಿದ್ದು ಸಿಸಿಟಿವಿ. ಜನ ಸೇರುವ ಜಾಗದಲ್ಲಿ ಕ್ಯಾಮೆರಾ ಇಡಬೇಕು, ದೃಶ್ಯಗಳನ್ನು 30 ದಿನ ಕಾಯ್ದಿಡಬೇಕು ಅಂತ ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತೆ ಕಾಯ್ದೆಯೇ ಇದೆ. ಪಬ್‌ಗಳು 21 ತುಂಬಿದೆಯಾ ಅಂತ ನೋಡುವುದಕ್ಕೂ ಕಾರಣ ಇದೆ. ಪೊಲೀಸರು ಬಂದರೆ ಲೈಸೆನ್ಸಿಗೇ ಕುತ್ತು.

ಆದರೆ ಬೌನ್ಸರ್ ಪೊಲೀಸ್ ಅಲ್ಲ. ನಿಮ್ಮ ಒಪ್ಪಿಗೆ ಇದ್ದರಷ್ಟೇ ಅವನು ಬ್ಯಾಗ್ ನೋಡಬಹುದು. ಬೇಡ ಅಂದರೆ ಒಳಗೆ ಬಿಡದೆ ಇರಬಹುದು, ಅಷ್ಟೇ. ಪೊಲೀಸರಿಗೂ ಹೆಂಗಸರನ್ನು ಹೆಂಗಸರೇ, ಮರ್ಯಾದೆಗೆ ಕುಂದು ಬಾರದಂತೆ ತಪಾಸಣೆ ಮಾಡಬೇಕು ಅನ್ನುವ ನಿಯಮ ಇರುವಾಗ ಬೌನ್ಸರಿಗೆ ಎಲ್ಲಿಂದ ರಿಯಾಯಿತಿ? ಮೈ ಮುಟ್ಟಿದ್ದರೆ ನಾನು ನೇರವಾಗಿ 112ಕ್ಕೆ ಫೋನ್ ಮಾಡಿ ಅನ್ನುತ್ತಿದ್ದೆ. ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್ ಅದಕ್ಕೇ ಇದೆ. ಇಲ್ಲಿ ಹಾಗೆ ಆಗಿರಲಿಲ್ಲ. ಅದನ್ನೂ ಮುಚ್ಚುಮರೆ ಇಲ್ಲದೆ ಹೇಳಿದೆ. ಇಲ್ಲದ ಕೇಸಿನ ಆಸೆ ಹುಟ್ಟಿಸಿದರೆ ಇನ್ನೊಂದು ನೋವು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದನ್ನು ಕೇಳಿ ರಶ್ಮಿಗೆ ಖುಷಿಯಾಯಿತು. ಆದರೆ ಆ ತೀರ್ಪು ಮುಖ್ಯವಾಗಿ ಸರ್ಕಾರಕ್ಕೆ ಲಗಾಮು. ಪಬ್ಬಿನಂಥವರಿಗೆ ಲಗಾಮು ಹಾಕಬೇಕಾದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಅದರಲ್ಲೂ ಮುಖ್ಯವಾದ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಅಲ್ಲಿಯವರೆಗೆ ನಾವು ಬಾಯಿ ಬಿಟ್ಟು ಕೇಳಿದಷ್ಟೇ ಲಾಭ.

ಒಟ್ಟು ಘಟನೆ ಅವರ ತಲೆಯಲ್ಲಿ 'ಸೆಕ್ಯುರಿಟಿ' ಅನ್ನುವ ಒಂದೇ ಗಂಟಾಗಿ ಕೂತಿತ್ತು. ಅದನ್ನು ಬಿಡಿಸಲು ಒಂದು ಹಾಳೆ ಕೊಟ್ಟು, ಬಾಗಿಲಲ್ಲಿ ನಡೆದದ್ದನ್ನೆಲ್ಲ ಬರೆಯಿರಿ, ಒಂದೊಂದರ ಮುಂದೆಯೂ 'ಇದರಿಂದ ಯಾರ ಜೀವ ಉಳಿಯಿತು?' ಅಂತ ಕೇಳಿಕೊಳ್ಳಿ ಅಂದೆ. ವಯಸ್ಸು ನೋಡಿದ್ದು, ಬ್ಯಾಗಿನ ಒಳಗೆ ಕಣ್ಣು ಹಾಯಿಸಿದ್ದು, ಸರಿ ಅಂತ ಅವರೇ ಬರೆದರು. ಆಧಾರ್ ಫೋಟೊ, ಮೆಸೇಜಿಗೆ ಬಳಸಿದ ನಂಬರ್, ಎಲ್ಲರೆದುರು ಮಾತ್ರೆಯ ಹೆಸರು ಕೇಳಿದ್ದು, ಇವುಗಳ ಮುಂದೆ ಪೆನ್ನು ಒತ್ತಿ ಗೀಟು ಎಳೆದರು. ಮೆಟ್ರೊ ಗಾರ್ಡ್ ಈ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ. ನಮ್ಮ ಮೆಟ್ರೊದಲ್ಲಿ ಹೆಂಗಸರನ್ನು ಪರದೆ ಹಿಂದೆ ಹೆಂಗಸರೇ ನೋಡುತ್ತಾರೆ, ಬ್ಯಾಗು ಯಂತ್ರದೊಳಗೆ ಹೋಗಿ ಆಚೆ ಬರುತ್ತದೆ. ಅಲ್ಲಿಂದಲೇ ಅಭ್ಯಾಸ ಶುರು ಮಾಡಿದೆವು. ಮೊದಲು ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ, ಗೆಳತಿಯ ಜತೆ, ಬ್ಯಾಗಿಲ್ಲದೆ. ಆಮೇಲೆ ಬ್ಯಾಗಿನೊಂದಿಗೆ. ಕೊನೆಗೆ ಮಾತ್ರೆಯನ್ನೂ ಇಟ್ಟುಕೊಂಡು. ಭಯ ಏರಿ ತಾನಾಗಿ ಇಳಿಯುವ ತನಕ ಜಾಗ ಬಿಟ್ಟು ಓಡಬಾರದು ಅನ್ನುವುದೊಂದೇ ಷರತ್ತು.

ಮಾತ್ರೆ ಇಟ್ಟುಕೊಳ್ಳುವ ಬಗ್ಗೆ ಒಂದು ಮಾತು, ಬೇರೆಯವರಿಗೂ ಬೇಕಾಗುತ್ತದೆ. ಪರ್ಸಿನಲ್ಲಿ ಬಿಡಿ ಮಾತ್ರೆ ಹಾಕಿಕೊಂಡು ಹೋಗಬೇಡಿ. ಪಬ್‌ಗಳು ಹುಡುಕುವುದೇ ಬಿಡಿ ಮಾತ್ರೆಯನ್ನು. ಆತಂಕಕ್ಕೆ ಕೊಡುವ ಕ್ಲೊನಾಜೆಪಾಮ್ ಥರದವು ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೇ ಇವೆ. ಹೆಸರು ಕಾಣುವ ಸ್ಟ್ರಿಪ್ ಸಮೇತ ಸಣ್ಣ ಪೌಚಿನಲ್ಲಿರಲಿ, ಚೀಟಿಯ ಫೋಟೊ ಫೋನಿನಲ್ಲಿರಲಿ. ಯಾರಾದರೂ ಕೇಳಿದರೆ "ಡಾಕ್ಟರ್ ಬರೆದ ಮಾತ್ರೆ, ಚೀಟಿ ಇದೆ, ಮ್ಯಾನೇಜರಿಗೆ ತೋರಿಸ್ತೀನಿ" ಅಂದರೆ ಸಾಕು. ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಈ ವಾಕ್ಯವನ್ನು ಕೋಣೆಯಲ್ಲಿ ಜೋರಾಗಿ ಹೇಳಿಸಿದೆ. ಮೊದಲಿಗೆ ದನಿಯೇ ಏಳಲಿಲ್ಲ. ಗುರುತಿಗೆ ಮೊದಲ 8 ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಅಥವಾ ಡ್ರೈವಿಂಗ್ ಲೈಸೆನ್ಸ್ (ಡಿಎಲ್) ತೋರಿಸಿ, ಕೈಗೆ ಕೊಡಬೇಡಿ ಅಂದೆ. ಕೆಲವು ಕಡೆ ಮಾಸ್ಕ್ಡ್ ಒಪ್ಪುವುದಿಲ್ಲ, ಅದಕ್ಕೇ ಡಿಎಲ್.

ಟೀಮಿನವರ ವಿಷಯ ಬೇರೆ. ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಾರೆ ಅಂತ ರಶ್ಮಿಗೆ ಖಾತ್ರಿಯಾಗಿತ್ತು. ಒಬ್ಬರ ಹತ್ತಿರವಾದರೂ ಮಾತಾಡಿ ನೋಡಿ ಅಂದೆ. ಟೀಮ್ ಲೀಡ್‌ಗೆ ನೆನಪಿದ್ದದ್ದು ಬೌನ್ಸರನ ಒರಟುತನ ಮಾತ್ರ. ಇನ್ನೊಬ್ಬಳು ಮೆಲ್ಲಗೆ, ನಾನೂ ಅದೇ ಮಾತ್ರೆ ತಗೋತೀನಿ ಅಂದಳಂತೆ. ಒಬ್ಬ ನಿಜವಾಗಿಯೂ ಹಿಂದೆ ಮಾತಾಡಿದ್ದ. ಅವನ ಬಾಯಿ ಮುಚ್ಚಿಸುವ ಉಪಾಯ ನನ್ನ ಬಳಿ ಇರಲಿಲ್ಲ. ಅವನಿಗೆ ವಿವರಣೆ ಕೊಡುವ ಹೊಣೆ ನಿಮ್ಮದಲ್ಲ ಅಂತಷ್ಟೇ ಹೇಳಿದೆ.

ಪಬ್ಬಿಗೆ ಒಂದು ಇಮೇಲ್ ಬರೆದರು. ಕರಡು ನಾವಿಬ್ಬರೂ ಕೂತು ಮಾಡಿದೆವು. ಬೈಗುಳ ಎಲ್ಲ ತೆಗೆದು ನಾಲ್ಕೇ ಸಾಲು: ದಿನಾಂಕ, ಸಮಯ, ಆಧಾರ್ ಫೋಟೊ ಮತ್ತು ನಂಬರ್ ಅಳಿಸಿ, ಬಾಗಿಲಲ್ಲಿ ಮಹಿಳಾ ಗಾರ್ಡ್ ಇಡಿ. ಕ್ಷಮೆ ಕೇಳಿ ಉತ್ತರ ಬಂತು, ಮೆಸೇಜುಗಳು ನಿಂತವು. ಫೋಟೊ ಇದ್ದ ಗಾರ್ಡ್ ಏಜೆನ್ಸಿಯವನು, ಈಗ ಅಲ್ಲಿಲ್ಲವಂತೆ. ಅದು ಅಲ್ಲಿಗೇ ನಿಂತಿದೆ. ರಶ್ಮಿ ಆಧಾರ್‌ನ ಬಯೊಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿಕೊಂಡರು. ಏಜೆನ್ಸಿಗೂ ಬರೆಯುತ್ತೇನೆ ಅನ್ನುತ್ತಿದ್ದಾರೆ.

ಅಣ್ಣ ಒಂದು ದಿನ ಜತೆಗೆ ಬಂದಿದ್ದರು. ಪಬ್ಬಿಗೆ ಯಾಕೆ ಹೋದಳು ಅಂತ ನನ್ನನ್ನೂ ಕೇಳಿದರು. ಆಫೀಸಿನವರೆಲ್ಲ ಹೋಗಿದ್ದರು, ಇವರೂ ಹೋದರು ಅಂದೆ. ಸ್ವಲ್ಪ ಹೊತ್ತಾದ ಮೇಲೆ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು: ಈ ಮಾತ್ರೆ ಜೀವನವಿಡೀ ತಗೋಬೇಕಾ? ಅದನ್ನು ಡಾಕ್ಟರ್ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ ಕೇಳಿ ಅಂತ ಕಳಿಸಿದೆ.